ದೃಷ್ಟಿಯನ್ನು ಕಾಯುವ ಕೈಗಳಿಗೆ ಗೌರವ ಸಿಗಲಿ

ಮನುಷ್ಯನಿಗೆ ದಯಪಾಲಿಸಲಾದ ಅನುಗ್ರಹಗಳನ್ನು ನೆನಪಿಸುವಾಗ ಪವಿತ್ರ ಕುರ್‌ಆನ್ ಶ್ರವಣ, ದೃಷ್ಟಿ ಮತ್ತು ಹೃದಯಗಳನ್ನು ಮತ್ತೆ ಮತ್ತೆ ಒಟ್ಟಿಗೆ ಹೆಸರಿಸುತ್ತದೆ. ಕೃತಜ್ಞತೆಯನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಅನುಗ್ರಹವನ್ನು ಕಾಪಾಡಿಕೊಳ್ಳುವುದು ಮತ್ತು ಅದನ್ನು ಕಳೆದುಕೊಂಡವನಿಗೆ ಮರಳಿ ದೊರಕಿಸಿಕೊಡಲು ಶ್ರಮಿಸುವುದು ಕೂಡಾ ಕೃತಜ್ಞತೆಯೇ. ಆದರೆ ದೃಷ್ಟಿಯನ್ನು ಕಾಯುವವರು ಯಾರು ಎಂದು ಕೇಳಿದರೆ ನಮ್ಮ ನಾಲಿಗೆಯ ಮೇಲೆ ಬರುವುದು ವೈದ್ಯರ ಹೆಸರು ಮಾತ್ರ. ಆ ವೈದ್ಯರ ಪಕ್ಕದಲ್ಲಿ ದಿನವಿಡೀ ನಿಂತಿರುವ ನೇತ್ರ ವಿಭಾಗದ ಶುಶ್ರೂಷಕಿಯನ್ನು ಸಮಾಜ ಗಮನಿಸುವುದೇ ಇಲ್ಲ. ಅಂತಹ ವಿಭಾಗವೊಂದರಲ್ಲಿ ದುಡಿಯುತ್ತಿರುವ, ನವಲಗುಂದ ತಾಲೂಕಿನ ಮಗಳಾಗಿ ಈ ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ.

ಬೆಣ್ಣಿಹಳ್ಳದ ದಂಡೆಯ ಯಮನೂರನ್ನು ಅರಿಯದವರು ಉತ್ತರ ಕರ್ನಾಟಕದಲ್ಲಿ ವಿರಳ. ಮುಸ್ಲಿಮರು ರಾಜಾಬಾಗ್‌ಸವಾರ್ ಎಂದೂ ಹಿಂದೂ ಸಹೋದರರು ಚಾಂಗದೇವ ಎಂದೂ ಕರೆಯುವ ಸಂತರ ಉರುಸಿಗೆ ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಅಪಾರ ಜನಸ್ತೋಮ ಸೇರುತ್ತದೆ. ಆ ಜನಸಂದಣಿಯಲ್ಲಿ ಮೊಮ್ಮಕ್ಕಳ ಕೈಹಿಡಿದು ತಡವರಿಸುತ್ತಾ ನಡೆಯುವ ವೃದ್ಧರನ್ನು ಒಮ್ಮೆ ಗಮನಿಸಿ ನೋಡಿ. 'ವಯಸ್ಸಾಯಿತು, ಇನ್ನೇನು ಕಾಣಬೇಕು' ಎಂದು ಮನೆಯವರೂ ಅವರೂ ಸುಮ್ಮನಾಗಿರುತ್ತಾರೆ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಅಂಧತ್ವ ಸಮೀಕ್ಷೆಯ ಪ್ರಕಾರ 50 ವರ್ಷ ದಾಟಿದವರಲ್ಲಿನ ಅಂಧತ್ವಕ್ಕೆ ಶೇ. 66.2ರಷ್ಟು ಪ್ರಕರಣಗಳಲ್ಲಿ ಕಾರಣ ಕಣ್ಣಿನ ಪೊರೆ. ಅಂದರೆ ಕತ್ತಲಲ್ಲಿ ಬದುಕುತ್ತಿರುವ ಇಂತಹ ಮೂವರಲ್ಲಿ ಸುಮಾರು ಇಬ್ಬರ ತೊಂದರೆಗೆ ಒಂದು ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಪರಿಹಾರವಿದೆ. ಇದನ್ನು ವಿಧಿಯೆಂದು ಒಪ್ಪಿಕೊಂಡು ಕೂರುವುದು ಸಹನೆ ಎನಿಸದು, ನಿರ್ಲಕ್ಷ್ಯವೆನಿಸುತ್ತದೆ. ಕಾಯಿಲೆಯನ್ನು ಇಳಿಸಿದವನು ಅದಕ್ಕೆ ಮದ್ದನ್ನೂ ಇಳಿಸಿದ್ದಾನೆ, ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿ(ಸ)ರ ಬೋಧನೆ.

ಜನನಿಬಿಡ ಆಸ್ಪತ್ರೆಯ ನೇತ್ರ ವಿಭಾಗದಲ್ಲಿ ಬೆಳಗಿನ ಚೀಟಿಯ ಸಾಲು ವೈದ್ಯರು ಬರುವುದಕ್ಕೆ ಮೊದಲೇ ಹೊರಬಾಗಿಲು ದಾಟಿರುತ್ತದೆ. ಆರು ಮೀಟರ್ ದೂರದ ಫಲಕವನ್ನು ಓದಿಸಿ ದೃಷ್ಟಿಯನ್ನು ಅಳೆಯುವುದರಿಂದ ಕೆಲಸ ಆರಂಭವಾಗುತ್ತದೆ. ಅಕ್ಷರ ಬಾರದ ಅಜ್ಜಿಗೆ ಗುರುತಿನ ಗೆರೆಗಳು ಯಾವ ಕಡೆಗೆ ತೆರೆದಿವೆ ಎಂಬುದನ್ನು ಬೆರಳಿನಿಂದ ತೋರಿಸಲು ಕಲಿಸಬೇಕು. ಕಣ್ಣಿನ ಒತ್ತಡ, ರಕ್ತದೊತ್ತಡ, ಸಕ್ಕರೆ ಎಲ್ಲವನ್ನೂ ನೋಡಬೇಕು. ಒಳಗೆ ಕೂರಿಸುವ ಮಸೂರದ ಶಕ್ತಿಯನ್ನು ನಿರ್ಧರಿಸಲು ಕಣ್ಣಿನ ಉದ್ದವನ್ನು ಅಳೆಯುವಾಗ ಒಂದು ಮಿಲಿಮೀಟರ್ ತಪ್ಪಿದರೂ ಎರಡೂವರೆ ಡಯಾಪ್ಟರ್‌ನಷ್ಟು ವ್ಯತ್ಯಾಸವಾಗುತ್ತದೆ. ಅಷ್ಟು ತಪ್ಪಿದರೆ ಶಸ್ತ್ರಚಿಕಿತ್ಸೆ ಯಶಸ್ವಿಯಾದರೂ ರೋಗಿ ಮತ್ತೆ ದಪ್ಪ ಕನ್ನಡಕಕ್ಕೆ ಶರಣಾಗಬೇಕಾದೀತು.

ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಎಡಗಣ್ಣೋ ಬಲಗಣ್ಣೋ ಎಂಬುದನ್ನು ಮೂರು ಸಲ ಖಚಿತಪಡಿಸಿಕೊಳ್ಳಬೇಕು. ಶೇ. 5ರ ಪೊವಿಡೋನ್ ಅಯೋಡಿನ್ ಹನಿ ಕಣ್ಣಿನಲ್ಲಿ ಕನಿಷ್ಠ ಮೂರು ನಿಮಿಷ ನಿಂತಿದೆಯೇ ಎಂದು ಗಡಿಯಾರ ನೋಡಬೇಕು. ಹೊರಗೆ ನೂರು ಜನ ಕಾಯುತ್ತಿದ್ದಾರೆ ಎಂದು ಆ ಮೂರು ನಿಮಿಷಗಳನ್ನು ಒಂದಕ್ಕೆ ಇಳಿಸುವಂತಿಲ್ಲ. ಕಣ್ಣಿನೊಳಗೆ ಸೋಂಕು ಹೊಕ್ಕರೆ ಒಂದೆರಡು ದಿನಗಳಲ್ಲಿ ದೃಷ್ಟಿ ಶಾಶ್ವತವಾಗಿ ಹೋಗಬಹುದು. ವೈದ್ಯರ ಕೈಚಳಕ ಹದಿನೈದು ಇಪ್ಪತ್ತು ನಿಮಿಷಗಳದ್ದು. ಅದಕ್ಕೆ ಮೊದಲಿನ ಸಿದ್ಧತೆಯೂ ಅನಂತರದ ವಾರಗಳ ಆರೈಕೆಯೂ ಬಹುಪಾಲು ಶುಶ್ರೂಷಕಿಯದು.

ನಮ್ಮ ಎರೆಭೂಮಿಯ ಸೀಮೆಗೆ ತನ್ನದೇ ಆದ ಕಣ್ಣಿನ ಕಾಯಿಲೆಯೊಂದಿದೆ. ಸುಗ್ಗಿಯ ದಿನಗಳಲ್ಲಿ ಜೋಳದ ಎಲೆ, ಗೋಧಿಯ ತೆನೆ, ಕಡಲೆಯ ಹೊಟ್ಟು ಕಣ್ಣಿಗೆ ಬಡಿಯುತ್ತವೆ. ಕಪ್ಪುಗುಡ್ಡೆಯ ಮೇಲಿನ ಸಣ್ಣ ಗೀರಿಗೆ ಸೊಪ್ಪಿನ ರಸ ಹಿಂಡುವವರಿದ್ದಾರೆ, ಎದೆಹಾಲು ಹಾಕುವವರಿದ್ದಾರೆ, ಔಷಧಿ ಅಂಗಡಿಯಲ್ಲಿ ಸ್ಟೀರಾಯ್ಡ್ ಹನಿ ಕೇಳಿ ತರುವವರಿದ್ದಾರೆ. ಗಿಡದಿಂದಾದ ಗಾಯದಲ್ಲಿ ಶಿಲೀಂಧ್ರ ಬೆಳೆಯುವ ಸಂಭವ ಹೆಚ್ಚು. ಸ್ಟೀರಾಯ್ಡ್ ಅದಕ್ಕೆ ಗೊಬ್ಬರವಾಗುತ್ತದೆ. ಮೊದಲ ದಿನವೇ ಬಂದಿದ್ದರೆ ಉಳಿಯಬಹುದಾಗಿದ್ದ ಕಣ್ಣು, ಹದಿನೈದು ದಿನ ಕಳೆದು ಬರುವಾಗ ಬೆಳ್ಳಗಾಗಿರುತ್ತದೆ. ಊರಿನ ಮಾತಿನಲ್ಲೇ ಇದನ್ನು ತಿಳಿಹೇಳುವ ಒಬ್ಬ ಶುಶ್ರೂಷಕಿ ಹತ್ತಿರದಲ್ಲಿದ್ದರೆ ಎಷ್ಟೋ ರೈತರ ಕಣ್ಣು ಉಳಿದೀತು.

ರೋಗಿಯ ವಿಶ್ವಾಸ ಮತ್ತು ಆಚಾರಗಳನ್ನು ಬಲ್ಲವರು ವಾರ್ಡಿನಲ್ಲಿರಬೇಕಾದ ಅಗತ್ಯವನ್ನು ನಾನು ದಿನವೂ ಕಾಣುತ್ತೇನೆ. ಶಸ್ತ್ರಚಿಕಿತ್ಸೆಯಾದ ಕಣ್ಣಿಗೆ ನೀರು ತಾಗಬಾರದು ಎಂದೊಡನೆ ಹಿರಿಯರು ವುಝೂವಿನ ಚಿಂತೆಗೆ ಬೀಳುತ್ತಾರೆ. ನೀರಿನಿಂದ ಹಾನಿಯಾಗುವ ಭಾಗಕ್ಕೆ ಶರೀಅತ್ ವಿನಾಯಿತಿ ನೀಡಿದೆ. ಸುಜೂದ್‌ಗೆ ಬಾಗಲಾಗದವರು ಕುಳಿತು ಸನ್ನೆಯಿಂದ ನಮಾಝ್ ನಿರ್ವಹಿಸಬಹುದು. ವಾಸಿಯಾಗುವ ಮುನ್ನ ಸುರ್ಮಾ ಹಚ್ಚುವುದು ಅಪಾಯಕರ, ಕೆಲವು ಸುರ್ಮಾಗಳಲ್ಲಿ ಸೀಸದ ಅಂಶವೂ ಇರುತ್ತದೆ. ರಮಝಾನ್‌ನಲ್ಲಿ 'ರೋಜಾ ಮುರೀತೈತಿ ಅಂತ ಹನಿ ಬಿಟ್ಟೇನ್ರಿ ಸಿಸ್ಟರ್' ಎನ್ನುವ ಗ್ಲಾಕೋಮಾ ರೋಗಿಗಳನ್ನು ನೋಡಿದಾಗ ಎದೆ ಧಸಕ್ಕೆನ್ನುತ್ತದೆ. ಗ್ಲಾಕೋಮಾ ಕಸಿದ ದೃಷ್ಟಿ ಮರಳಿ ಬರುವುದಿಲ್ಲ. ಕಣ್ಣಿನ ಹನಿಯಿಂದ ಉಪವಾಸ ಮುರಿಯುವುದಿಲ್ಲವೆಂದು ಹನಫಿ ಮತ್ತು ಶಾಫಿಈ ವಿದ್ವಾಂಸರು ಹೇಳಿರುವುದನ್ನು ಅವರಿಗೆ ಯಾರೂ ತಿಳಿಸಿರುವುದಿಲ್ಲ. ಹಾಗೆಯೇ, ಹರಕೆ ತೀರಿಸಲು ಹಳ್ಳದ ನೀರಿನಲ್ಲಿ ಮುಳುಗೇಳಬೇಕೆನ್ನುವ ಹಿಂದೂ ತಾಯಿಗೆ, ಕಣ್ಣು ಮಾಗುವ ತನಕ ತಡೆಯಿರಿ, ದೇವರು ಕಾಯುತ್ತಾನೆ ಎಂದು ಪ್ರೀತಿಯಿಂದ ಹೇಳಬೇಕಾಗುತ್ತದೆ. ಔಷಧಿಯ ಚೀಟಿಯಲ್ಲಿ ಬರೆಯಲಾಗದ ಶುಶ್ರೂಷೆಯಿದು.

ಶುಶ್ರೂಷೆಯನ್ನು ಕೀಳು ಉದ್ಯೋಗವೆಂದು ಭಾವಿಸುವವರು ತಮ್ಮ ಚರಿತ್ರೆಯನ್ನೇ ಮರೆತಿದ್ದಾರೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಮದೀನಾದ ಮಸೀದಿಯ ಆವರಣದಲ್ಲಿದ್ದ ರುಫೈದಾ(ರ)ರ ಡೇರೆಗೆ ಸಾಗಿಸಲಾಗಿತ್ತು. ಮಸೀದಿಯ ಮಗ್ಗುಲಲ್ಲೇ ಒಬ್ಬ ಮಹಿಳೆಯ ಶುಶ್ರೂಷಾಲಯಕ್ಕೆ ಸ್ಥಾನವಿತ್ತು ಎಂಬುದರ ಅರ್ಥವೇನು? ಸಾವಿರ ವರ್ಷಗಳ ಹಿಂದೆಯೇ ಅಮ್ಮಾರ್ ಅಲ್ ಮೌಸಿಲಿ ಟೊಳ್ಳು ಸೂಜಿಯಿಂದ ಪೊರೆಯನ್ನು ಹೀರಿ ತೆಗೆಯುವ ವಿಧಾನವನ್ನು ಬರೆದಿಟ್ಟಿದ್ದರು. ನಮ್ಮದೇ ನೆಲದ ಬೀಳಗಿಯ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ, ಒಂದೇ ದಿನದಲ್ಲಿ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ ದಾಖಲೆಯನ್ನು ಸ್ಥಾಪಿಸಿದರು. ರೋಗಿಗಳನ್ನು ಸಿದ್ಧಪಡಿಸಿ, ಪಟ್ಟಿ ಕಟ್ಟಿ, ಸಂತೈಸಿದ ಸಹಾಯಕರ ಕೈಗಳಿಲ್ಲದೆ ಅದು ಸಾಧ್ಯವಿತ್ತೇ?

ದೃಷ್ಟಿಹೀನರಾಗಿದ್ದ ಅಬ್ದುಲ್ಲಾ ಬಿನ್ ಉಮ್ಮು ಮಕ್ತೂಮ್(ರ)ರ ನಿಮಿತ್ತ ಅವತೀರ್ಣವಾದ ಸೂರಃ ಅಬಸ ನಮ್ಮೆಲ್ಲರಿಗೂ ಪಾಠ. ಗಣ್ಯರ ನಡುವೆ ಕಣ್ಣಿಲ್ಲದ ಬಡವನೊಬ್ಬನ ಪ್ರಶ್ನೆ ಬದಿಗೆ ಸರಿಯಬಾರದು ಎಂದು ಅದು ಎಚ್ಚರಿಸುತ್ತದೆ. ನೂಕುನುಗ್ಗಲಿನ ಹೊರರೋಗಿ ವಿಭಾಗದಲ್ಲಿ ಒಂದೇ ಪ್ರಶ್ನೆಯನ್ನು ನಾಲ್ಕನೆಯ ಬಾರಿ ಕೇಳುವ ವೃದ್ಧನಿಗೆ ಮುಖ ಗಂಟಿಕ್ಕದೆ ಉತ್ತರಿಸುವಾಗ ಈ ಪಾಠವೇ ನನಗೆ ಆಸರೆ.

ಇನ್ನು ವ್ಯವಸ್ಥೆಯ ಕುರಿತು ಒಂದು ಮಾತು. ನಾನು ಹಿಂದೆ ದುಡಿದ ಆಸ್ಪತ್ರೆಯೊಂದರಲ್ಲಿ ನೇತ್ರ ವಿಭಾಗದ ಕೆಲಸ ಕೈವಶವಾಗುವ ಹೊತ್ತಿಗೆ ಶುಶ್ರೂಷಕಿಯರನ್ನು ಸರದಿಯ ಹೆಸರಿನಲ್ಲಿ ಬೇರೆ ವಿಭಾಗಕ್ಕೆ ಕಳುಹಿಸಲಾಗುತ್ತಿತ್ತು. ಎಲ್ಲರೂ ಎಲ್ಲವನ್ನೂ ಕಲಿಯಲಿ ಎಂಬ ಉದ್ದೇಶದಲ್ಲಿ ತಪ್ಪಿಲ್ಲ, ರಜೆಗಳನ್ನು ಸರಿದೂಗಿಸುವ ಕಷ್ಟವೂ ಆಡಳಿತಕ್ಕಿದೆ. ಆದರೆ ಕಣ್ಣಿನ ಸೂಕ್ಷ್ಮ ಉಪಕರಣಗಳನ್ನು ನಿಭಾಯಿಸಬಲ್ಲ ಕೈ ಒಂದೆರಡು ವಾರಗಳಲ್ಲಿ ಸಿದ್ಧವಾಗುವುದಿಲ್ಲ. 1976ರಲ್ಲಿ ಮದುರೈಯಲ್ಲಿ 11 ಹಾಸಿಗೆಗಳಿಂದ ಆರಂಭವಾದ ಅರವಿಂದ್ ಕಣ್ಣಾಸ್ಪತ್ರೆ ಹಳ್ಳಿಯ ಹೆಣ್ಣುಮಕ್ಕಳನ್ನೇ ಆರಿಸಿ ಎರಡು ವರ್ಷ ತರಬೇತಿ ನೀಡಿ ಕಣ್ಣಿನ ಕೆಲಸಕ್ಕೇ ನಿಲ್ಲಿಸಿತು. ಇಂದು ಜಗತ್ತು ಅದನ್ನು ನೋಡಿ ಕಲಿಯುತ್ತಿದೆ. ಕರ್ನಾಟಕದಲ್ಲೇ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲವನ್ನು ಪರೀಕ್ಷಿಸುವ ಕಿಡ್ರಾಪ್ ಯೋಜನೆ 2008ರಿಂದ ತರಬೇತಾದ ತಂತ್ರಜ್ಞರ ಬಲದಿಂದ ಗ್ರಾಮೀಣ ಜಿಲ್ಲೆಗಳನ್ನು ತಲುಪಿದೆ. ನೇತ್ರ ಶುಶ್ರೂಷೆಯನ್ನು ಪ್ರತ್ಯೇಕ ಪರಿಣತಿಯೆಂದು ಗುರುತಿಸಿ, ಪರಿಣತರನ್ನು ಅಲ್ಲಿಯೇ ಉಳಿಸಿಕೊಂಡು, ಅದಕ್ಕೆ ತಕ್ಕ ಭತ್ಯೆಯನ್ನೂ ಬಡ್ತಿಯನ್ನೂ ನೀಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಮುದಾಯದ ಹಿರಿಯರಲ್ಲಿ ಅಳುಕು ಇರುವುದು ಸುಳ್ಳಲ್ಲ. ರಾತ್ರಿ ಪಾಳಿ, ಪರಪುರುಷರ ಶುಶ್ರೂಷೆ, ಮುಂದೆ ಮದುವೆ ಎಂಬ ಪ್ರಶ್ನೆಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸುರಕ್ಷಿತ ವಸತಿ ಮತ್ತು ವಾಹನ ವ್ಯವಸ್ಥೆಯನ್ನು ಆಸ್ಪತ್ರೆಗಳಿಂದ ಕೇಳಿ ಪಡೆಯುವುದು ನಮ್ಮ ಹಕ್ಕು. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಂತೂ ತಲೆಗೂದಲು ಟೊಪ್ಪಿಗೆಯಲ್ಲಿ, ಮುಖ ಮುಸುಕಿನಲ್ಲಿ ಮುಚ್ಚಿರಬೇಕೆಂಬುದು ಎಲ್ಲರಿಗೂ ಇರುವ ನಿಯಮ. ಮನೆಯ ಹೆಂಗಸರನ್ನು ಮಹಿಳೆಯೇ ಪರೀಕ್ಷಿಸಲಿ ಎಂದು ಆಸ್ಪತ್ರೆಯಲ್ಲಿ ಕೇಳುವ ನಾವು, ನಮ್ಮ ಮಗಳು ಮಾತ್ರ ಆ ವೃತ್ತಿಗೆ ಹೋಗಬಾರದು ಎಂದರೆ ಅದು ನ್ಯಾಯವೇ?

ಯಮನೂರಿನಂತಹ ಊರಿನಿಂದಲೇ ಬದಲಾವಣೆ ಆರಂಭವಾಗಲಿ. ಉರುಸಿನ ಸಮಯದಲ್ಲಿ ಅಂಗಡಿಗಳ ಸಾಲಿನ ನಡುವೆ ಒಂದು ಡೇರೆ ಕಣ್ಣಿನ ತಪಾಸಣೆಗೆ ಮೀಸಲಾಗಲಿ. ಒಂದು ದೃಷ್ಟಿ ಫಲಕ, ಒಂದು ಟಾರ್ಚ್, ತರಬೇತಾದ ಇಬ್ಬರು ಶುಶ್ರೂಷಕಿಯರು ಇದ್ದರೆ ಪೊರೆ ಬಂದವರನ್ನು ಗುರುತಿಸಿ ಹುಬ್ಬಳ್ಳಿ ಧಾರವಾಡದ ಆಸ್ಪತ್ರೆಗಳಿಗೆ ಕಳುಹಿಸಬಹುದು. ಜಮಾಅತ್‌ಗಳು ಪ್ರತಿವರ್ಷ ಒಬ್ಬ ಬಡ ಹುಡುಗಿಯ ನರ್ಸಿಂಗ್ ಶಿಕ್ಷಣದ ಹೊಣೆ ಹೊರಲಿ. ಖತೀಬರು ರಮಝಾನ್‌ಗೆ ಮೊದಲ ಒಂದು ಶುಕ್ರವಾರ ಕಣ್ಣಿನ ಹನಿಯ ವಿಷಯವನ್ನು ಸ್ಪಷ್ಟಪಡಿಸಲಿ.

ಪಟ್ಟಿ ಬಿಚ್ಚಿದ ಮರುಕ್ಷಣ ತನ್ನ ಅಂಗೈಯ ಗೆರೆಗಳನ್ನು ತಾನೇ ನೋಡಿ ಬೆರಗಾಗುವ ಮುದುಕಿಯ ದುಆಗಿಂತ ದೊಡ್ಡ ಸಂಬಳವನ್ನು ನಾನು ಕಂಡಿಲ್ಲ. ಸಹೋದರ ಸಹೋದರಿಯರೇ, ಆ ದುಆದಲ್ಲಿ ನಿಮ್ಮ ಮಗಳಿಗೂ ಪಾಲು ಸಿಗಲಿ.