ಬಲ್ಬಿಗೆ ದುಡ್ಡಿದೆ, ಅರಳಿ ಗಿಡ ಕೀಳೋಕೆ ಆಳಿಲ್ಲ

ಅರ್ಜಿ ಹಿಡಿದು ಹೋದವರು, ಧರಣಿ ಕೂತವರು, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂತ ಮಧ್ಯಾಹ್ನವೆಲ್ಲ ಕಾದು ಸುಸ್ತಾದವರು... ಮೈಸೂರಿನ ಹಳೇ ಜಿಲ್ಲಾಧಿಕಾರಿ ಕಚೇರಿ ಆವರಣ ಗೊತ್ತಿಲ್ಲದವರು ಈ ಜಿಲ್ಲೆಯಲ್ಲಿ ಕಮ್ಮಿ. ಎದುರಿಗೆ ಗೋರ್ಡನ್ ದೊರೆಯ ಪ್ರತಿಮೆ, ಹಿಂದೆ ಒಡೆಯರ ಕಾಲದ ಕಮಾನಿನ ಕಟ್ಟಡ. ಈಗ ಕಚೇರಿ ಸಿದ್ಧಾರ್ಥನಗರದ ಹೊಸ ಕಟ್ಟಡಕ್ಕೆ ಹೋಗಿದೆ. ಹೋಗಲಿ, ಜಿಲ್ಲೆ ಬೆಳೆದಿದೆ, ಕಡತ ಬೆಳೆದಿದೆ, ಜಾಗ ಬೇಕು. ಅದಕ್ಕೆ ನಮ್ಮ ತಕರಾರಿಲ್ಲ.

ಹಳೇ ಕಟ್ಟಡವನ್ನು ಏನು ಮಾಡಬೇಕು ಅನ್ನೋ ಮಾತು ಮಾತ್ರ ಜೋರಾಗಿದೆ. ಮ್ಯೂಸಿಯಂ ಅಂತ ಒಬ್ಬರು, ಇನ್ನೇನೋ ಅಂತ ಮತ್ತೊಬ್ಬರು. ಮಾಡಲಿ. ಆದರೆ ಅದರ ತಾರಸಿ ಮೇಲೆ ಪ್ರತಿ ವರ್ಷ ಭರಣಿ ಮಳೆಗೆ ಮುಂಚೆ ಹತ್ತಿ ಕಸ ತೆಗೆಯೋನು ಯಾರು ಅಂತ ಒಬ್ಬರೂ ಕೇಳೋದಿಲ್ಲ. ಅದನ್ನ ಕೇಳೋಣ ಅಂತಲೇ ಈ ವಾರದ ಅಂಕಣ.

ಇದೇನು ಸಣ್ಣ ವಿಷಯ ಅಂತೀರಾ? ಈ ಊರಿನಲ್ಲಿ ಸಣ್ಣ ವಿಷಯವಲ್ಲ ಸ್ವಾಮಿ. 2012ರ ಆಗಸ್ಟಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜೀವ ಹೋಯಿತು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಬಾಗಿಲ ಕಡೆಯ ಭಾಗ ಬಿತ್ತು. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಒಂದು ಪಾಲು. ತಿಂಗಳು ನೋಡಿ: ಆಗಸ್ಟು, ಆಗಸ್ಟು, ಅಕ್ಟೋಬರು. ಎಲ್ಲಾ ಮಳೆಗಾಲದವೇ. ಒಂದೊಂದರ ಕಾರಣ ತಜ್ಞರು ಹೇಳಲಿ. ನೂರು ವರ್ಷ ದಾಟಿದ ಗೋಡೆಗೆ ನೀರಿಗಿಂತ ದೊಡ್ಡ ಶತ್ರು ಇಲ್ಲ ಅನ್ನೋದು ಹೆಂಚಿನ ಮನೆಯಲ್ಲಿ ಬೆಳೆದ ಯಾರಿಗಾದರೂ ಗೊತ್ತು.

ಲ್ಯಾನ್ಸ್‌ಡೌನ್ ಬಿದ್ದ ಮೇಲೆ ಏನಾಯಿತು ಅಂತ ಅಲ್ಲಿ ಅಂಗಡಿ ಇಟ್ಟಿದ್ದವರನ್ನ ಕೇಳಿ. ಹಳೇ ಪುಸ್ತಕ ಮಾರುತ್ತಿದ್ದವರು, ಸಣ್ಣ ವ್ಯಾಪಾರದವರು ಬಾಗಿಲು ಹಾಕಿ ಹೊರಗೆ ಬಂದರು. ಕೆಡವಬೇಕೋ, ರಿಪೇರಿ ಮಾಡಬೇಕೋ ಅಂತ ಸಮಿತಿ ಮೇಲೆ ಸಮಿತಿ, ಕೋರ್ಟು, ವರ್ಷಗಟ್ಟಲೆ. ಅಷ್ಟರಲ್ಲಿ ಗಿರಾಕಿ ಬೇರೆ ಅಂಗಡಿ ಹಿಡಿದ. ಗಿರಾಕಿ ಹೋದರೆ ಮತ್ತೆ ಬರೋದಿಲ್ಲ ಅನ್ನೋದನ್ನ ಗಲ್ಲಾ ಮೇಲೆ ಕೂತವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಈಗ ಹಳೇ ಕಟ್ಟಡ ಹೇಗೆ ಹಾಳಾಗುತ್ತೆ ನೋಡಿ. ಹಕ್ಕಿ ಅರಳಿ ಹಣ್ಣು ತಿಂದು ಗೋಡೆ ಸಂದಿಯಲ್ಲಿ ಹಿಕ್ಕೆ ಹಾಕುತ್ತೆ. ಬೀಜ ಮೊಳೆಯುತ್ತೆ. ಗೇಣುದ್ದ ಇದ್ದಾಗ ಒಬ್ಬ ಏಣಿ ಹಾಕಿಕೊಂಡು ಹತ್ತಿ ಬೇರು ಸಮೇತ ಕಿತ್ತು, ಆ ಸಂದಿಗೆ ಗಾರೆ ತುಂಬಿದರೆ ಕೆಲಸ ಮುಗೀತು. ಅರ್ಧ ದಿನದ ಕೂಲಿ. ಬಿಟ್ಟರೆ ಬೇರು ಕಲ್ಲಿನ ನಡುವೆ ಇಳಿದು ಗೋಡೆಯನ್ನ ಸೀಳುತ್ತೆ. ಮೇಲಿನ ಎಲೆ ಮಾತ್ರ ಕತ್ತರಿಸಿ ಹೋದರೂ ಅಷ್ಟೇ, ಮುಂದಿನ ವರ್ಷ ಇಮ್ಮಡಿಯಾಗಿ ಚಿಗುರುತ್ತೆ. ಆಮೇಲೆ ಎಂಜಿನಿಯರು ಬರಬೇಕು, ಅಂದಾಜು ಪಟ್ಟಿ ಆಗಬೇಕು, ಟೆಂಡರು ಕರೆಯಬೇಕು.

ತಾರಸಿ ನೀರಿನ ಕೊಳವೆ ಕತೆಯೂ ಇದೇ. ಒಣಗಿದ ಎಲೆ, ಸತ್ತ ಪಾರಿವಾಳ, ಯಾರೋ ಎಸೆದ ಪ್ಲಾಸ್ಟಿಕ್ ಚೀಲ. ಕಟ್ಟಿಕೊಂಡರೆ ನೀರು ತಾರಸಿಯಲ್ಲೇ ನಿಲ್ಲುತ್ತೆ. ನಮ್ಮ ಹಳೇ ಕಟ್ಟಡಗಳಲ್ಲಿ ಬಹಳಷ್ಟರದು ಮದ್ರಾಸ್ ತಾರಸಿ. ಮರದ ತೊಲೆ, ಅದರ ಮೇಲೆ ಅಂಚಿನ ಮೇಲೆ ನಿಲ್ಲಿಸಿದ ತೆಳು ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ನೀರು ಇಳಿದು ತೊಲೆಯ ತುದಿ ಗೋಡೆಯೊಳಗೆ ಸದ್ದಿಲ್ಲದೆ ಕೊಳೆಯುತ್ತೆ. ಕೆಳಗೆ ಕೂತ ಗುಮಾಸ್ತರಿಗೆ ಕಾಣೋದು ಒಂದು ಹಳದಿ ಕಲೆ, ಅಷ್ಟೇ.

ಆ ಕಲೆಯನ್ನ ನೋಡಿ ಹೇಳೋನು ಒಬ್ಬ ಬೇಕಲ್ಲ! ಕಚೇರಿ ನಡೆಯೋವಾಗ ಆತ ಇರುತ್ತಾನೆ. ಬೆಳಿಗ್ಗೆ ಬಾಗಿಲು ತೆಗೆಯೋ ಜವಾನ, ಕಸ ಗುಡಿಸೋ ಅಮ್ಮ, ಗಿಡಕ್ಕೆ ನೀರು ಬಿಡೋ ಮಾಲಿ. ಯಾವ ಕಿಟಕಿ ಮಳೆಗೆ ಉಬ್ಬುತ್ತೆ, ಯಾವ ರೂಮಿನಲ್ಲಿ ಬಕೆಟ್ ಇಡಬೇಕು, ಯಾವ ಮರದ ಕೊಂಬೆ ಗಾಳಿಗೆ ಬೀಳುತ್ತೆ, ಎಲ್ಲಾ ಅವರಿಗೆ ಬಾಯಿಪಾಠ. ಯಾವ ಕಡತದಲ್ಲೂ ಇಲ್ಲದ ಜ್ಞಾನ ಅದು. ಕಚೇರಿ ಖಾಲಿ ಮಾಡಿದಾಗ ಕುರ್ಚಿ, ಬೀರು, ಕಂಪ್ಯೂಟರು ಲೆಕ್ಕ ಹಾಕಿ ಸಾಗಿಸುತ್ತಾರೆ. ಈ ಜ್ಞಾನಕ್ಕೆ ಲೆಕ್ಕವಿಲ್ಲ. ಬೀಗ ಹಾಕಿದ ಮನೆ ಬೇಗ ಬೀಳುತ್ತೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು.

ಮೊನ್ನೆ ಅಗ್ರಹಾರದ ಹತ್ತಿರ ಟೀ ಕುಡಿಯೋವಾಗ ಒಬ್ಬ ಹಳೇ ಗಾರೆ ಮೇಸ್ತ್ರಿ ಸಿಕ್ಕರು. ಎಪ್ಪತ್ತು ದಾಟಿದೆ. "ಈಗೇನು ಕೆಲಸ ಯಜಮಾನ್ರೇ?" ಅಂದೆ. "ಏನಿದೆ ಸಾಮಿ, ಎಲ್ಲಾ ಸಿಮೆಂಟು. ಸುಣ್ಣ ಕೊಳೆ ಹಾಕೋಕೆ ಯಾರಿಗೂ ಪುರುಸೊತ್ತಿಲ್ಲ" ಅಂದರು. ಮಕ್ಕಳು ಕೆಲಸ ಕಲಿತಿದ್ದಾರಾ ಅಂದರೆ ನಕ್ಕರು. ಒಬ್ಬ ಮಗ ಆಟೋ ಓಡಿಸುತ್ತಾನಂತೆ.

ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ. ಸುಣ್ಣವನ್ನ ಗುಂಡಿಯಲ್ಲಿ ನೆನೆಹಾಕಿ, ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೆದು, ಬೆಲ್ಲ, ಅಳಲೆಕಾಯಿ ನೀರು ಬೆರೆಸಿ ಮಾಡುತ್ತಿದ್ದ ಗಾರೆ ಅದು. ದಿನಗಟ್ಟಲೆ ಹಿಡಿಯುತ್ತೆ. ಆದರೆ ಆ ಗೋಡೆ ಉಸಿರಾಡುತ್ತೆ, ಹೀರಿದ ತೇವವನ್ನ ಹೊರಗೆ ಬಿಡುತ್ತೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಬೀಳುತ್ತೆ, ಉಪ್ಪು ಹೊಮ್ಮುತ್ತೆ, ಒಳಗಿನ ಗಾರೆ ಪುಡಿಯಾಗುತ್ತೆ. ಮೇಲೆ ಬಣ್ಣ ಹೊಡೆದು ಬಿಲ್ಲು ಮಾಡಿಕೊಳ್ಳೋ ಗುತ್ತಿಗೆದಾರನಿಗೆ ಮಾತ್ರ ಎರಡು ದಿನದ ಕೆಲಸ.

ನಮ್ಮ ಊರು ಪಾರಂಪರಿಕ ನಗರ. ರಾಜ್ಯದ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿಯೂ ಇಲ್ಲೇ ಇದೆ. ಅರಮನೆಗೆ ಮಂಡಳಿ ಇದೆ, ಟಿಕೆಟ್ ಹಣ ಬರುತ್ತೆ, ಆರೈಕೆ ನಡೆಯುತ್ತೆ. ಸರ್ಕಾರಿ ಕಚೇರಿ, ಕಾಲೇಜು, ಆಸ್ಪತ್ರೆಗಳಿಗೆ ಟಿಕೆಟ್ ಇಲ್ಲವಲ್ಲ! ದಸರಾ ಬಂದರೆ ಸುಣ್ಣಬಣ್ಣ, ಬಲ್ಬಿನ ಸರ, ಫೋಟೋ. ನಮಗೂ ಬಲ್ಬು ಇಷ್ಟವೇ. ದಸರಾ ವ್ಯಾಪಾರ ನಮ್ಮದೇ ತಾನೇ. ಆದರೆ ಬಲ್ಬು ಹಾಕೋ ಗೋಡೆ ನಿಂತಿರಬೇಕು.

ಜವಾನ, ಮಾಲಿ, ಕಸದ ಕೆಲಸಗಳೆಲ್ಲ ಹೊರಗುತ್ತಿಗೆಗೆ ಹೋಗುತ್ತಿವೆ. ಏಜೆನ್ಸಿ ಬದಲಾದರೆ ಆಳೂ ಬದಲು. ಸಂಬಳ ಯಾವ ತಾರೀಕಿಗೆ ಬರುತ್ತೆ ಅಂತ ಗೊತ್ತಿಲ್ಲದವನಿಗೆ ತಾರಸಿ ಮೇಲಿನ ಗಿಡದ ಚಿಂತೆ ಯಾಕೆ ಬರಬೇಕು? ಅವನು ಕಂಡದ್ದನ್ನ ಹೇಳಿದರೂ ಕೇಳೋರು ಯಾರು?

ಜಿಲ್ಲಾಡಳಿತಕ್ಕೆ ನಮ್ಮ ಕೋರಿಕೆ ಕೋಟಿಗಳದ್ದಲ್ಲ. ಹಳೇ ಸರ್ಕಾರಿ ಕಟ್ಟಡಗಳಿಗೇ ಅಂತ ಒಂದು ಕಾಯಂ ತಂಡ ಮಾಡಿ. ಇಬ್ಬರು ಗಾರೆ ಮೇಸ್ತ್ರಿ, ಒಬ್ಬ ಬಡಗಿ, ನಾಲ್ಕೈದು ಆಳು, ಎರಡು ಒಳ್ಳೇ ಏಣಿ, ಸೊಂಟಕ್ಕೆ ಕಟ್ಟೋ ಹಗ್ಗ, ಪಟ್ಟಿ. ತಿಂಗಳ ಸಂಬಳ. ವರ್ಷಕ್ಕೆರಡು ಸಲ, ಯುಗಾದಿ ಆದ ಮೇಲೊಮ್ಮೆ, ದಸರಾಕ್ಕೆ ಮುಂಚೆ ಒಮ್ಮೆ, ಪ್ರತಿ ತಾರಸಿ ಹತ್ತಿ ಇಳಿಯಲಿ. ನೋಡಿದ್ದನ್ನ ಒಂದು ಪುಸ್ತಕದಲ್ಲಿ ಬರೆಯಲಿ. ಅವರ ಜೊತೆ ನಾಲ್ಕು ಹುಡುಗರು ಕಲಿಯಲಿ, ಟೀ ಅಂಗಡಿಯ ಆ ಮೇಸ್ತ್ರಿಗೆ ಕಲಿಸೋ ಶಕ್ತಿ ಇರೋವಾಗಲೇ.

ಮೊದಲು ಹಳೇ ಡಿ.ಸಿ. ಆಫೀಸಿನ ತಾರಸಿಯಿಂದ ಶುರುವಾಗಲಿ. ಮ್ಯೂಸಿಯಮ್ಮೋ ಮತ್ತೊಂದೋ, ಆಮೇಲೆ ನಿಧಾನವಾಗಿ ಮಾತಾಡೋಣ. ಏಣಿ ಎತ್ತಿಕೊಂಡು ಹೋಗಿ ಹತ್ತಿ ನೋಡೋಕೆ ಯಾವ ಸಮಿತಿಯ ವರದಿಯೂ ಬೇಕಾಗಿಲ್ಲ. ಮುಂದಿನ ಭರಣಿ ಮಳೆಯೊಳಗೆ ಆಗಬೇಕು.