ಸುರಗಿಯ ಮೊಗ್ಗು, ಕಡಿದ ಕೊಂಬೆ

ಮಲೆನಾಡು, ಕರಾವಳಿಗಳ ಕಾಡಂಚಿನ ಊರುಗಳಲ್ಲಿ ಬೇಸಿಗೆ ಕಾಲಿಡುತ್ತಿದ್ದಂತೆ ಸುರಗಿಯ ದಂಡೆ ಹೆಂಗಳೆಯರ ಮುಡಿಗೇರುತ್ತದೆ. ಮಲ್ಲಿಗೆ ಒಂದೇ ದಿನಕ್ಕೆ ಬಾಡುತ್ತದೆ. ಸುರಗಿಯಾದರೋ ಒಣಗಿದ ಮೇಲೂ ಕಂಪು ಬಿಡದು. ಯು.ಆರ್. ಅನಂತಮೂರ್ತಿಯವರು 2012ರಲ್ಲಿ ಪ್ರಕಟವಾದ ತಮ್ಮ ಆತ್ಮಕಥನಕ್ಕೆ ಈ ಹೂವಿನ ಹೆಸರನ್ನೇ ಇಟ್ಟರು. ಆದರೆ ಈ ಗುಣವೇ ಮರಕ್ಕೆ ಮುಳುವಾಗುತ್ತಿದೆ.

ಸುರಗಿ (ಮಾಮಿಯಾ ಸುರಿಗ) ಪಶ್ಚಿಮಘಟ್ಟಕ್ಕೇ ಸೀಮಿತವಾದ ನಿತ್ಯಹರಿದ್ವರ್ಣದ ಮರ. ಕೆಲವು ಮನೆಯಂಗಳಗಳಲ್ಲಿ, ತೋಟದ ಬದುಗಳಲ್ಲಿಯೂ ಹಿರಿಯರು ನೆಟ್ಟು ಸಾಕಿದ್ದಾರೆ. ಇದರ ಒಣಮೊಗ್ಗನ್ನು ಸುಗಂಧದ್ರವ್ಯಕ್ಕೆ, ಔಷಧಕ್ಕೆ, ರೇಷ್ಮೆಗೆ ಕೆಂಬಣ್ಣ ಕಟ್ಟುವುದಕ್ಕೆ ಬಳಸುವುದು ಹಳೆಯ ರೂಢಿ. ಪೇಟೆಯಲ್ಲಿ ಅದು 'ಕೆಂಪು ನಾಗಕೇಸರ'ವೆಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ನಿಜವಾದ ನಾಗಕೇಸರ ನಾಗಸಂಪಿಗೆಯದು, ಅದು ಬೇರೆಯೇ ಮರ. ಅತ್ತರಿನ ಸೀಸೆ ಕೊಳ್ಳುವವರಿಗೆ ಸುರಗಿಯೆಂಬ ಮರವೊಂದಿದೆ ಎಂಬುದೇ ತಿಳಿಯದೆ ಹೋಗುವುದಕ್ಕೆ ಈ ಹೆಸರಿನ ಗೊಂದಲವೂ ಒಂದು ಕಾರಣವಿರಬಹುದು.

ವ್ಯಾಪಾರಕ್ಕೆ ಬೇಕಾದುದು ಅರಳಿದ ಹೂವಲ್ಲ, ಮೊಗ್ಗು. ಮರವೋ ಎತ್ತರ, ಹತ್ತಿ ಒಂದೊಂದೇ ಮೊಗ್ಗು ಬಿಡಿಸುವುದು ದಿನಗಟ್ಟಲೆಯ ಕೆಲಸ. ಹೀಗಾಗಿ ಕೊಂಬೆಯನ್ನೇ ಕಡಿದು ಕೆಳಗುರುಳಿಸುವ ಅಡ್ಡದಾರಿ ಬಳಕೆಗೆ ಬಂದಿದೆ. ಇದರಿಂದಾಗುವ ಹಾನಿ ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು. ಸುರಗಿಯ ಹೂ ಎಳೆಯ ಚಿಗುರಿನ ತುದಿಯಲ್ಲಿ ಬಿಡುವುದಿಲ್ಲ. ಎಲೆ ಉದುರಿದ ಹಳೆಯ ಕೊಂಬೆಗಳ ಗೆಣ್ಣುಗಳಲ್ಲಿ ಗೊಂಚಲಾಗಿ ಮೂಡುತ್ತದೆ. ಕಡಿದ ಜಾಗದಲ್ಲಿ ಚಿಗುರೊಡೆದರೂ ಅದು ಬಲಿತು ಹೂ ಹೊರುವವರೆಗೆ ಆ ಭಾಗ ಬರಡೇ. ಇಂದು ಕಡಿದವನು ಮುಂದಿನ ವರ್ಷಗಳ ಫಸಲನ್ನೂ ಕಡಿದಂತಾಯಿತು.

ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ಮರದ ಬುಡದಲ್ಲಿ ನಿಂತೇ ಗಮನಿಸಬಹುದು. ಎಲ್ಲ ಸುರಗಿಗಳೂ ಕಾಯಿ ಕಟ್ಟುವುದಿಲ್ಲ. ಕೆಲವು ಮರಗಳಲ್ಲಿ ಬರಿಯ ಗಂಡು ಹೂ, ಕೆಲವದರಲ್ಲಿ ದ್ವಿಲಿಂಗಿ ಹೂ. ಕಾಯಿ ಕಟ್ಟುವ ಮರದ ಮೊಗ್ಗನ್ನೆಲ್ಲ ಬಳಿದರೆ ಆ ವರ್ಷ ಬೀಜವಿಲ್ಲ, ಬೀಜವಿಲ್ಲದೆ ಸಸಿಯಿಲ್ಲ. ಬೀಜದಿಂದೆದ್ದ ಸಸಿ ಯಾವ ಬಗೆಯದೆಂಬುದೂ ಅದು ಹೂ ಬಿಟ್ಟಾಗಲೇ ಗೊತ್ತಾಗುವುದು. ಮರ ನಿಧಾನವಾಗಿ ಬೆಳೆಯುವುದರಿಂದ ಅಷ್ಟರಲ್ಲಿ ನೆಟ್ಟವನಿಗೆ ನರೆ ಬಂದಿರುತ್ತದೆ!

ಮೊಗ್ಗು ಕೊಯ್ಯುವುದನ್ನೇ ನಿಷೇಧಿಸಬೇಕೆಂಬ ವಾದ ಸರಿಯಲ್ಲ. ಬೇಸಿಗೆಯಲ್ಲಿ ಬಡ ಕುಟುಂಬಗಳ ಕೈಗೆ ಕಾಸು ಸೇರುವ ದಾರಿ ಅದು. ತೊಡಕಿರುವುದು ಗುತ್ತಿಗೆಯಲ್ಲಿ. ಮುಂದಿನ ವರ್ಷ ಇದೇ ಕಾಡು ತನ್ನ ಪಾಲಿಗೆ ಬಂದೀತೆಂಬ ಖಾತರಿಯಿಲ್ಲದವನು ಕೊಂಬೆಯನ್ನೇಕೆ ಉಳಿಸಿಯಾನು? 2006ರ ಅರಣ್ಯ ಹಕ್ಕು ಕಾಯ್ದೆಯು ಅರ್ಹ ಅರಣ್ಯವಾಸಿಗಳಿಗೆ ಕಿರು ಅರಣ್ಯ ಉತ್ಪನ್ನದ ಒಡೆತನವನ್ನೂ, ಗ್ರಾಮಸಭೆಗೆ ಕಾಡನ್ನು ಕಾಯುವ ಅಧಿಕಾರವನ್ನೂ ಕೊಟ್ಟಿದೆ. ಊರಿನ ಕಾಯಿ ಬಿಡುವ ಸುರಗಿಗಳನ್ನು ಗುರುತಿಸಿ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಸೇರಿಸುವುದು, ಅವುಗಳ ಮೊಗ್ಗು ಮುಟ್ಟದಿರುವುದು, ಉಳಿದವುಗಳಿಂದ ಏಣಿ ಹಾಕಿ ಕೈಯಿಂದಲೇ ಬಿಡಿಸುವುದು, ಕಡಿದ ಕೊಂಬೆಯ ಮೊಗ್ಗನ್ನು ಊರಿನ ಯಾರೂ ತೂಗಿ ಕೊಳ್ಳದಿರುವುದು: ಇಷ್ಟನ್ನು ಮೊಗ್ಗು ಕಾಣಿಸಿಕೊಳ್ಳುವ ಮೊದಲೇ ಗ್ರಾಮಸಭೆಗಳು ಠರಾವು ಮಾಡಿಕೊಳ್ಳಬೇಕು.