ಮನೆಮಾತು: ಮುರಿಯಬೇಕಾದುದು ಮುರಿಯಲಿ



ಔರಾದ ತಾಲ್ಲೂಕಿನ ತಾಯಿಯೊಬ್ಬರು ಬರೆದ ಪತ್ರವು ಈ ತಿಂಗಳ ಅಂಕಣಕ್ಕೆ ವಿಷಯವನ್ನು ಒದಗಿಸಿದೆ. ಪಿ.ಯು.ಸಿ. ಓದುತ್ತಿರುವ ಅವರ ಮಗನಿಗೆ ಮುತ್ಯಾನವರು ತೊಗರಿ ಮಾರಿದ ಹಣದಲ್ಲಿ ರಿಮೋಟಿನಿಂದ ಓಡುವ ಕಾರೊಂದನ್ನು ಕೊಡಿಸಿದರಂತೆ. ಮೂರು ತಿಂಗಳಲ್ಲಿ ಅದರ ಮುಂಗಾಲಿಯನ್ನು ಹಿಡಿದಿರುವ ಪ್ಲಾಸ್ಟಿಕ್ ತೋಳು ಎರಡು ಸಲ ಮುರಿಯಿತು. ಇನ್ನು ಎಲ್ಲವನ್ನೂ ಅಲ್ಯೂಮಿನಿಯಮ್ಮಿನದಾಗಿ ಬದಲಿಸೋಣವೆಂದು ಮಗ. ಕಾರಿನ ಅರ್ಧ ಬೆಲೆಯನ್ನು ಅದರ ಬಿಡಿಭಾಗಗಳಿಗೆ ಸುರಿಯುವ ಮನೆ ತಮ್ಮದಲ್ಲವೆಂದು ತಂದೆ. ಹದಿನೈದು ದಿನಗಳಿಂದ ಇಬ್ಬರೂ ಜೊತೆಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿಲ್ಲ. ತಾವು ಪ್ರತಿ ರಾತ್ರಿ ಎರಡು ಸಲ ಬಡಿಸಬೇಕಾಗಿದೆಯೆಂದು ಆ ತಾಯಿ ಬರೆದಿದ್ದಾರೆ.

ಇದನ್ನು ಮಕ್ಕಳಾಟವೆಂದು ತಳ್ಳಿಹಾಕಲು ನಮಗೆ ಮನಸ್ಸಾಗಲಿಲ್ಲ. ಜಾತ್ರೆಯಲ್ಲಿ ಕೊಳ್ಳುವ ರಿಮೋಟ್ ಕಾರು ಕೆಟ್ಟರೆ ಅಲ್ಲಿಗೆ ಮುಗಿಯಿತು. ಅದಕ್ಕೆ ಬಿಡಿಭಾಗ ಸಿಗದು. ಈ ಹುಡುಗನದು ಬೇರೆ ಜಾತಿಯ ಯಂತ್ರ. ಬಿಚ್ಚಿ, ಕೆಟ್ಟುದನ್ನು ತೆಗೆದು, ಹೊಸದನ್ನು ಕೂಡಿಸಿ ಮತ್ತೆ ಓಡಿಸಲೆಂದೇ ಅದನ್ನು ರೂಪಿಸಿರುತ್ತಾರೆ. ಜಪಾನಿನ ತಮಿಯಾ ಸಂಸ್ಥೆಯು 1976ರಲ್ಲಿ ತನ್ನ ಮೊದಲ ವಿದ್ಯುತ್ ರಿಮೋಟ್ ಕಾರನ್ನು ಹೊರತಂದಾಗಲೂ ಅದು ಕೊಳ್ಳುವವನೇ ಜೋಡಿಸಿಕೊಳ್ಳಬೇಕಾದ ಕಾರಾಗಿತ್ತು. ಅಂದಿನಿಂದ ಇಂದಿನವರೆಗೂ ಇಂಥ ಕಾರುಗಳ ಬಹುಭಾಗ ಪ್ಲಾಸ್ಟಿಕ್ಕೇ. ಅದು ಕೇವಲ ಜಿಪುಣತನವೆಂದು ಹುಡುಗನು ತಿಳಿದಿದ್ದರೆ ಆ ತಿಳಿವಳಿಕೆ ಅರ್ಧ ಮಾತ್ರ ಸರಿ.

ಭಾಲ್ಕಿಯ ಕಡೆ ಟ್ರಾಕ್ಟರಿಗೆ ರೋಟವೇಟರ್ ಕಟ್ಟುವ ರೈತರನ್ನು ಕೇಳಿ ನೋಡಿ. ಅದರ ತಿರುಗುವ ದಂಡದಲ್ಲಿ ಮೆದುವಾದ ಬೋಲ್ಟೊಂದನ್ನು ಬೇಕೆಂದೇ ಇಟ್ಟಿರುವುದುಂಟು. ಮಣ್ಣಿನೊಳಗಿನ ಕಲ್ಲಿಗೆ ಹಲ್ಲು ಸಿಕ್ಕಿಕೊಂಡಾಗ ಆ ಬೋಲ್ಟು ತುಂಡಾಗುತ್ತದೆ, ಗೇರ್ ಬಾಕ್ಸು ಉಳಿಯುತ್ತದೆ. ಪದೇ ಪದೇ ತುಂಡಾಗುತ್ತದೆಂಬ ಬೇಸರಕ್ಕೆ ಅಲ್ಲಿ ಗಟ್ಟಿ ಉಕ್ಕಿನ ಬೋಲ್ಟು ಹಾಕಿದವನು ಮುಂದಿನ ಕಲ್ಲಿಗೆ ಗೇರ್ ಬಾಕ್ಸನ್ನೇ ಬಿಚ್ಚಿಸಬೇಕಾಗುತ್ತದೆ. ಕಾರಿನ ತೋಳೂ ಅಂಥದೇ. ಗೋಡೆಗೆ ಬಡಿದಾಗ ನೈಲಾನ್ ತೋಳು ಬಾಗುತ್ತದೆ, ಬಹಳ ಸಲ ಮರಳಿ ತನ್ನ ರೂಪಕ್ಕೆ ಬರುತ್ತದೆ, ತೀರ ಮೀರಿದರೆ ಮುರಿಯುತ್ತದೆ. ಅಲ್ಯೂಮಿನಿಯಮ್ ತೋಳು ಒಮ್ಮೆ ಬಾಗಿದರೆ ಬಾಗಿದ್ದೇ. ಬಾಗದಿದ್ದರೆ ಪೆಟ್ಟು ಒಳಗೆ ಇಳಿದು, ತೋಳನ್ನು ಹಿಡಿದಿರುವ ಗೂಡನ್ನೋ ಕಾರಿನ ಅಡಿಹಲಗೆಯನ್ನೋ ಸೀಳುತ್ತದೆ. ಅವುಗಳ ಬೆಲೆ ತೋಳಿಗಿಂತ ಹೆಚ್ಚು, ಬದಲಿಸುವ ಕೆಲಸವೂ ಹೆಚ್ಚು. ಜೊತೆಗೆ ಗಾಲಿಯ ಬಳಿ ತೂಕ ಕೂಡಿದಷ್ಟೂ ಕಾರು ತಗ್ಗು-ದಿಣ್ಣೆಗಳ ಮೇಲೆ ಕುಪ್ಪಳಿಸುವುದು. ಬಾಗುವುದೂ ಒಂದು ಬಲವೆಂಬುದನ್ನು ಮೇದಾರ ಕೇತಯ್ಯನವರ ಕಾಯಕವಾದ ಬಿದಿರಿನ ಕೆಲಸ ಮಾಡುವವರಿಗೆ ಯಾರೂ ಕಲಿಸಬೇಕಾಗಿಲ್ಲ.

ಹಾಗೆಂದು ಲೋಹವೇ ಬೇಡವೆಂದು ನಾವು ಹೇಳುತ್ತಿಲ್ಲ. ಪೆಟ್ಟು ತಿನ್ನುವ ಭಾಗ ಬೇರೆ, ಸವೆಯುವ ಭಾಗ ಬೇರೆ. ಅಚ್ಚುಗಳು ತಿರುಗುವೆಡೆ ಪ್ಲಾಸ್ಟಿಕ್ ಬುಷ್‌ಗಳಿದ್ದರೆ ಅವುಗಳನ್ನು ತೆಗೆದು ಬಾಲ್ ಬೇರಿಂಗ್ ಹಾಕುವುದು ಮೊದಲು ಮಾಡತಕ್ಕ ಕೆಲಸ. ಖರ್ಚು ಕಡಿಮೆ, ಗುಣ ಹೆಚ್ಚು. ಮೋಟಾರಿನ ಮೂತಿಗೆ ಕೂಡುವ ಸಣ್ಣ ಗೇರು ಲೋಹದ್ದೇ ಇರಬೇಕು. ಆದರೆ ಅದರೊಡನೆ ಹಲ್ಲು ಕಚ್ಚುವ ದೊಡ್ಡ ಗೇರನ್ನು ಪ್ಲಾಸ್ಟಿಕ್ಕಾಗಿಯೇ ಬಿಡುವುದು ಲೇಸು, ಕಾರಣ ಮೇಲಿನದೇ. ಗಾಲಿ ತಿರುಗಿಸುವ ಸರ್ವೋದ ಹಲ್ಲುಗಳು ಮತ್ತೆ ಮತ್ತೆ ಉದುರುತ್ತಿದ್ದರೆ ಲೋಹದ ಹಲ್ಲುಗಳ ಸರ್ವೋ ಕೊಳ್ಳಬಹುದು. ಅದಕ್ಕೆ ಮೊದಲು ಪೆಟ್ಟು ತಡೆಯುವ ಸ್ಪ್ರಿಂಗು ಸರಿಯಾಗಿದೆಯೇ ಎಂದು ನೋಡಬೇಕು.

ನಮ್ಮ ನೆಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೀದರ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಕೋಟೆಯ ಕಂದಕವನ್ನೇ ಆ ಕಲ್ಲಿನಲ್ಲಿ ಕಡಿದಿದ್ದಾರೆ. ಅದರ ಕೆಂಪು ಹರಳು ಬೇರಿಂಗಿನೊಳಗೆ ಹೊಕ್ಕರೆ ಅರೆಯುವ ಕಲ್ಲಿನಂತೆ ಕೆಲಸ ಮಾಡುತ್ತದೆ. ಆದುದರಿಂದ ಎರಡೂ ಬದಿಗೆ ಮುಚ್ಚಳವಿರುವ ಬೇರಿಂಗನ್ನೇ ಕೊಳ್ಳಬೇಕು. ಭಾಲ್ಕಿ, ಔರಾದಗಳ ಎರೆಮಣ್ಣಿನ ಕಾಟ ಬೇರೆ. ಮಳೆಗಾಲದಲ್ಲಿ ಅದು ಗಾಲಿಗೆ ಮೆತ್ತಿಕೊಂಡು ಮೋಟಾರು ಕಾಯುವಂತೆ ಮಾಡುತ್ತದೆ. ಬೇಸಿಗೆಯಲ್ಲಿ ಅದೇ ಹೊಲ ಬಿರಿದು, ಗಾಲಿಯೇ ಬಿರುಕಿನಲ್ಲಿ ಸಿಕ್ಕುತ್ತದೆ. ತೋಳು ಮುರಿಯಲು ಇದಕ್ಕಿಂತ ಬೇರೆ ಕಾರಣ ಬೇಡ. ಓಡಿಸುವ ಜಾಗವನ್ನು ಬದಲಿಸಿದರೆ ಖರ್ಚಿಲ್ಲದೆಯೇ ಅರ್ಧ ಸಮಸ್ಯೆ ಕಳೆಯುತ್ತದೆ.

ನೈಲಾನಿಗೆ ನೀರಿನ ಅಂಶ ಬೇಕೆಂಬುದು ಹಲವರಿಗೆ ತಿಳಿಯದು. ಒಣಗಿದಷ್ಟೂ ಅದು ಪೆಡಸಾಗುತ್ತದೆ, ನೀರು ಹೀರಿದರೆ ಚಿವುಟಾಗುತ್ತದೆ. ಹೊಸ ತೋಳುಗಳನ್ನು ಕೂಡಿಸುವ ಮೊದಲು ಕುದಿಯುವ ನೀರಿನಲ್ಲಿ ಇಪ್ಪತ್ತು ನಿಮಿಷ ಇಟ್ಟು, ಅದೇ ನೀರಿನಲ್ಲಿ ಆರಲು ಬಿಡುವ ಪದ್ಧತಿ ಈ ಹವ್ಯಾಸದವರಲ್ಲಿದೆ. ಭಾಗವು ನೈಲಾನಿನದೇ ಎಂದು ಖಾತ್ರಿಯಿದ್ದರೆ ಮಾತ್ರ ಹೀಗೆ ಮಾಡಬೇಕು. ಬೇರೆ ಪ್ಲಾಸ್ಟಿಕ್ಕುಗಳು ಸೊಟ್ಟಗಾಗಬಹುದು. ಪಾತ್ರೆಯೂ ಅಡುಗೆಮನೆಯದಾಗಬಾರದೆಂದು ತಾಯಂದಿರ ಪರವಾಗಿ ಹೇಳುತ್ತೇವೆ.

ಇನ್ನು ತಂದೆಯವರಿಗೆ ಒಂದು ಮಾತು. ತಾವು ಬೇಡವೆಂದದ್ದು ಬಹುಮಟ್ಟಿಗೆ ಸರಿ, ಬೇಡವೆಂದ ಕಾರಣ ಮಾತ್ರ ಸರಿಯಲ್ಲ. ಯಾವ ಭಾಗಕ್ಕೆ ಯಾವ ವಸ್ತುವೆಂಬ ಹುಡುಗನ ಪ್ರಶ್ನೆಯನ್ನೇ ಬೀದರ, ಭಾಲ್ಕಿಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠವಾಗಿ ಹೇಳುತ್ತಾರೆ. ಅದಕ್ಕೆ ಶುಲ್ಕ ಕಟ್ಟಲು ತಾವು ನಾಳೆ ಹಿಂಜರಿಯುವುದಿಲ್ಲ. ಕೈ ಮಸಿಯಾಗುವಂತೆ ದುಡಿಯುವುದನ್ನು ಗೌರವಿಸಿದ ಶರಣರ ಮನೆಗಳಲ್ಲಿ ಸ್ಕ್ರೂಡ್ರೈವರ್ ಹಿಡಿದ ಹುಡುಗನನ್ನು ಪೋಲಿಯೆಂದು ಕರೆಯಬಾರದು. ಎರಡು ಜೊತೆ ಪ್ಲಾಸ್ಟಿಕ್ ತೋಳು, ಒಂದು ಸೆಟ್ ಬೇರಿಂಗು, ಇಷ್ಟಕ್ಕೆ ಒಪ್ಪಿರಿ. ಅವನ್ನು ತಮ್ಮ ಎದುರಿನಲ್ಲೇ ಕೂಡಿಸಲು ಹೇಳಿರಿ. ಯಾವುದು ಏಕೆಂದು ಅವನೇ ತಮಗೆ ವಿವರಿಸಲಿ. ಮಗನೂ ತಿಳಿಯಬೇಕು: ಮುತ್ಯಾನವರ ತೊಗರಿಯ ಹಣವು ಹೊಳೆಯುವ ಲೋಹಕ್ಕಾಗಿ ಬಂದದ್ದಲ್ಲ. ಅಲ್ಯೂಮಿನಿಯಮ್ ಬೇಕೇ ಬೇಕೆನಿಸಿದರೆ ಅದನ್ನು ರಜೆಯಲ್ಲಿ ದುಡಿದು ಕೊಳ್ಳಲಿ.

ಪತ್ರದಲ್ಲಿ ಕೇಳದ ಇನ್ನೊಂದು ವಿಷಯವಿದೆ. ಇಂಥ ಕಾರುಗಳಲ್ಲಿ ಈಗ ಲಿಥಿಯಮ್ ಬ್ಯಾಟರಿ ಬರುತ್ತದೆ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಕೂಡದು. ಚಾರ್ಜಿಗಿಟ್ಟು ಮಲಗುವುದಾಗಲಿ, ಹಾಸಿಗೆಯ ಮೇಲಿಟ್ಟು ಚಾರ್ಜು ಮಾಡುವುದಾಗಲಿ ಬೇಡ. ಎದ್ದಿರುವವರ ಕಣ್ಣೆದುರಿಗೆ, ಬಂಡೆಯ ನೆಲದ ಮೇಲೆ ಇಟ್ಟು ಚಾರ್ಜು ಮಾಡಲಿ.